ವಿಧಾನಸಭೆಯ ಹಿಂದಿನ ಬೆಂಚು

ಟೊರಾಂಟೊ ಹತ್ತಿರದ ನ್ಯೂಮಾರ್ಕೆಟ್ ಊರಿನಿಂದ ಬೆಳಗಿನ ರೈಲು ಹಿಡಿಯುವ ಅವಸರದಲ್ಲಿ ಪಾರ್ವತೆವ್ವನವರ ಸ್ನಾನವಾಗಿತ್ತು, ಲಿಂಗಪೂಜೆ ಆಗಿರಲಿಲ್ಲ. ಪೂಜೆಯಾಗದೆ ಅವರು ಹನಿ ನೀರನ್ನೂ ಬಾಯಿಗೆ ಹಾಕುವವರಲ್ಲ.

"ಅಲ್ಲೇ ಮಾಡೀಯಂತವ್ವಾ. ಟೊರಾಂಟೊ ಡೌನ್‌ಟೌನಿನ್ಯಾಗ ಇಲ್ಲದ್ದು ಏನೈತಿ?" ಎಂದಿದ್ದ ಮಗ ಬಸವೇಶ.

ನಿಜ, ಇಲ್ಲದ್ದು ಏನೂ ಇರಲಿಲ್ಲ. ಆಕಾಶಕ್ಕೆ ಏಣಿ ಹಾಕಿದಂಥ ಗೋಪುರವಿತ್ತು. ತಲೆಯ ಮೇಲೆ ಮೀನು ಈಜುವ ಗಾಜಿನ ಓಣಿಯಿತ್ತು. ನೆಲದಡಿ ಇನ್ನೊಂದು ಪೇಟೆಯೇ ಇತ್ತು. ಫೋನು ಚಾರ್ಜು ಮಾಡುವುದಕ್ಕೂ ಜಾಗವಿತ್ತು. ಮುದುಕಿಯೊಬ್ಬಳು ಯಾರ ಕಣ್ಣಿಗೂ ಬೀಳದೆ ಸ್ವಲ್ಪ ಹೊತ್ತು ಕೂತೇಳುವ ಜಾಗ ಮಾತ್ರ ಕಾಣಲಿಲ್ಲ.

ಡೌನ್‌ಟೌನಿನ ಹಳೆಯ ಮಾರ್ಕೆಟ್ಟೊಂದರಲ್ಲಿ ಬಸವೇಶ ಚೀಸು ಹಾಕಿದ ಬ್ರೆಡ್ಡು ಹಿಡಿದು ನಿಂತ. "ಒಂದಿನಾ ಮೊದ್ಲ ತಿಂದ್ರ ಶಿವಾ ಸಿಟ್ಟಾಗ್ತಾನೇನು?"

"ಅವ ಸಿಟ್ಟಾಗಂಗಿಲ್ಲೋ. ನನಗ ಗಂಟಲಾಗ ಇಳಿಯಂಗಿಲ್ಲ. ನೀವು ತಿನ್ರಿ."

ಮೊಮ್ಮಗಳು ಅಕ್ಷರಾ ತನ್ನ ಪಾಲನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. "ಐಯಾಮ್ ನಾಟ್ ಹಂಗ್ರಿ," ಎಂದಳು. ಬೆಳಿಗ್ಗೆ ಅವಳೂ ಏನೂ ತಿಂದಿರಲಿಲ್ಲ. ಪಾರ್ವತೆವ್ವ ಅದನ್ನು ಗಮನಿಸಿದರು.

ವಿಧಾನಸಭೆಯ ಕೆಂಪುಗಲ್ಲಿನ ಕಟ್ಟಡದ ಮುಂದೆ ಫೋಟೊಕ್ಕೆ ನಿಂತಾಗ ಪಾರ್ವತೆವ್ವ ಮೊಮ್ಮಗಳ ಹೆಗಲಿಗೆ ಒರಗಿದರು. ಬಸವೇಶ ಫೋನು ಇಳಿಸಿದ. "ಮನೀಗೆ ಹೋಗೂಣೇನವ್ವಾ?"

ತಾಯಿಗೆ ಊರು ತೋರಿಸಬೇಕೆಂದೇ ಅವನು ಶಿಫ್ಟು ಬದಲಿಸಿಕೊಂಡಿದ್ದ. ಅವರು ಸೆರಗು ಸರಿಮಾಡಿಕೊಂಡು ಮತ್ತೆ ನೆಟ್ಟಗೆ ನಿಂತರು.

"ಅಜ್ಜಿ, ಕಮ್," ಎಂದು ಅಕ್ಷರಾ ಅವರ ಕೈಹಿಡಿದು ಕಟ್ಟಡದ ಹಿಂದಿನ ಉದ್ಯಾನಕ್ಕೆ ಕರೆದೊಯ್ದಳು. ಮೇಪಲ್ ಮರದ ಕೆಳಗೊಂದು ಬೆಂಚು ಖಾಲಿಯಿತ್ತು. ಅಜ್ಜಿಯನ್ನು ಕೂರಿಸಿ, ತನ್ನ ಜಾಕೆಟ್ಟು ಬಿಚ್ಚಿ ಪರದೆಯಂತೆ ಅಗಲಿಸಿ ಹಿಡಿದಳು.

"ತ್ವಾಳು ನೋಯ್ತಾವ ನನ್ನವ್ವಾ."

"ಇಟ್ಸ್ ಓಕೆ. ನೀ ಪೂಜಿ ಮಾಡು."

ಪಾರ್ವತೆವ್ವ ಮನೆಯಿಂದ ತಂದ ನೀರಿನಲ್ಲಿ ಕೈ ತೊಳೆದು, ವಿಭೂತಿ ಹಚ್ಚಿಕೊಂಡು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡರು. ಅಷ್ಟರಲ್ಲಿ ಉದ್ಯಾನದ ಕೆಲಸದವನೊಬ್ಬ ಎಲೆ ಊದುವ ಯಂತ್ರ ಹೊತ್ತು ಭೋರೆಂದು ಸದ್ದು ಮಾಡುತ್ತ ಬಂದ. ಜಾಕೆಟ್ಟಿನ ಅಂಚಿನಿಂದ ಒಮ್ಮೆ ಕಂಡನೋ ಏನೋ, ಯಂತ್ರ ಆರಿಸಿದ. ಅದನ್ನು ಹುಲ್ಲಿನ ಮೇಲಿಟ್ಟು, ಗಾಡಿಯಿಂದ ಹಲ್ಲಿನ ಕೈಕುಂಟೆ ತಂದು ದೂರದಲ್ಲಿ ಎಲೆ ಗೋರತೊಡಗಿದ.

ಹಿಂದೆಯೇ ಬಂದ ಬಸವೇಶ ನೋಡುತ್ತ ನಿಂತ. ಆಮೇಲೆ ಜಾಕೆಟ್ಟಿನ ಇನ್ನೊಂದು ತೋಳು ಹಿಡಿದುಕೊಂಡ.

ಪೂಜೆ ಮುಗಿಸಿ ಪಾರ್ವತೆವ್ವ ಲಿಂಗಕ್ಕೆರೆದ ನೀರನ್ನು ಪಾದೋದಕವಾಗಿ ತೆಗೆದುಕೊಂಡರು. "ಆತು, ಕೈ ಇಳಸ್ರಿ," ಎಂದರು.

ಇಬ್ಬರೂ ಇಳಿಸಲಿಲ್ಲ. ಅವರು ಬಾಟಲಿಯ ನೀರನ್ನು ಗಟಗಟನೆ ಕುಡಿದು ಮುಗಿಸುವವರೆಗೂ ಹಾಗೆಯೇ ನಿಂತಿದ್ದರು.