ಲೆಕ್ಕಕ್ಕೆ ಕೂತವರು

ನಮ್ಮ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿಗೆ ಐವತ್ತು ತುಂಬಿತೆಂದು ಅದರ ಚರಿತ್ರೆ ಬರೆಯುವ ಕೆಲಸ ಅಪ್ಪನ ಪಾಲಿಗೆ ಬಂತು. ಸ್ಕೂಲು ಕಟ್ಟಿದವರೇ ಅವರು. ಬೇರೆ ಯಾರು ಬರೆದರೂ ಹತ್ತು ತಪ್ಪು ಹುಡುಕುತ್ತಿದ್ದರು. ಬರೆದದ್ದನ್ನು ಊಟದ ಮೇಜಿನಲ್ಲಿ ಅಮ್ಮನಿಗೂ ನನಗೂ ಓದಿ ಹೇಳಿದರು. ಪಾಠ ಶುರುವಾದ ಪ್ರಾಣಿಶಾಸ್ತ್ರದವರ ಹಳೇ ಉಗ್ರಾಣ, ಗಾಜಿನ ಭರಣಿಗಳಲ್ಲಿ ತೇಲುತ್ತಾ ಲಾಭನಷ್ಟದ ಪಾಠ ಕೇಳಿದ ಕಪ್ಪೆಗಳು, ಎಲ್ಲ ಇತ್ತು. ಕೊನೆಗೆ, "ನನ್ನ ಶ್ರೀಮತಿ ಸದಾ ನನ್ನ ಬೆನ್ನ ಹಿಂದೆ ನಿಂತಿದ್ದಳು."

ಅಮ್ಮ ಸೌಟು ಕೆಳಗಿಟ್ಟರು. "ಹಿಂದೆ ಎಲ್ರೀ ನಿಂತಿದ್ದೆ? ಎರಡು ವರ್ಷ ಮೂರನೇ ಬೆಂಚಲ್ಲಿ, ನಿಮ್ಮ ಎದುರಿಗೇ ಕೂತಿದ್ದೆನಲ್ಲ!"

ಅದು ನಿಜ. ಹನ್ನೆರಡು ಜನ ಸೇರದಿದ್ದರೆ ಕೋರ್ಸು ಮುಚ್ಚುತ್ತೇವೆ ಎಂದಿತ್ತು ಆಡಳಿತ. ಸೇರಿದ್ದು ಹನ್ನೊಂದು. ಪದವಿ ಮುಗಿಸಿ ಮನೆಯಲ್ಲಿದ್ದ ಅಮ್ಮನನ್ನು ಅಪ್ಪ ಹನ್ನೆರಡನೆಯವರಾಗಿ ಕೂರಿಸಿದರು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ, ಅಮ್ಮನದು ಅದರ ಉಲ್ಟಾ. ಉಳಿದವರಿಗೆ ಪ್ರಶ್ನೆ ಕೇಳಿ ಬೆವರಿಳಿಸುತ್ತಿದ್ದ ಅಪ್ಪ ಅಮ್ಮನನ್ನು ಒಂದು ದಿನವೂ ಕೇಳಲಿಲ್ಲ. ತಪ್ಪು ಹೇಳಿದರೆ ತಮ್ಮ ಮರ್ಯಾದೆ ಹೋಗುತ್ತದೆ, ಸರಿ ಹೇಳಿದರೆ ಮನೆಯಲ್ಲಿ ಉರು ಹೊಡೆಸಿದ್ದಾರೆ ಅಂತಾರೆ ಎಂಬ ಭಯ.

ಎರಡು ತಿಂಗಳಾದ ಮೇಲೆ ಬ್ಯಾಂಕಿನ ಗುಮಾಸ್ತರೊಬ್ಬರು ಸೇರಿದ್ದೇ ತಡ, "ಇನ್ನು ನೀನು ಬರೋದು ಬೇಡ" ಎಂದರಂತೆ ಅಪ್ಪ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಅಮ್ಮ ಮರುದಿನ ಸಂಜೆ ಅದೇ ಬೆಂಚಿನಲ್ಲಿ ಕೂತಿದ್ದರು. ಕೊನೆಗೆ ಪರೀಕ್ಷೆ ಬರೆದು ಪಾಸೂ ಆದರು.

"ಮೊದಲ ಬ್ಯಾಚಲ್ಲಿ ನಾನೂ ಒಬ್ಬಳು ಅಂತ ಬರೀರಿ," ಎಂದರು ಅಮ್ಮ. "ಇಲ್ಲದಿದ್ರೆ ಸಮಾರಂಭದ ದಿನ ನಾನು ವೇದಿಕೆ ಹತ್ತಲ್ಲ."

"ನಗ್ತಾರೆ ಕಣೇ. ಹೆಂಡತೀನ ಕೂರಿಸಿ ಕೋರ್ಸು ಉಳಿಸಿಕೊಂಡ ಅಂತಾರೆ."

ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಸಮಾರಂಭದ ದಿನ ವೇದಿಕೆಯಲ್ಲಿ ಅಮ್ಮನಿಗಿಟ್ಟ ಕುರ್ಚಿ ಖಾಲಿ. ಅಮ್ಮ ಕೆಳಗೆ, ಮೊದಲ ಬ್ಯಾಚಿನ ಬಿಳಿಕೂದಲಿನವರ ನಡುವೆ, ಆ ಗುಮಾಸ್ತರ ಪಕ್ಕದಲ್ಲಿ ಕೂತಿದ್ದರು. ಅಪ್ಪ ಮೈಕಿನ ಮುಂದೆ ಓದುತ್ತಾ ಹೋದವರು 'ಬೆನ್ನ ಹಿಂದೆ' ಎಂಬ ಮಾತು ಬಂದಾಗ ನಿಂತರು. ಖಾಲಿ ಕುರ್ಚಿ ನೋಡಿದರು. ಹಾಳೆ ಮಡಚಿದರು.

"ಮೊದಲ ಬ್ಯಾಚಲ್ಲಿ ಒಬ್ಬರನ್ನ ನಾನು ಒಂದು ಪ್ರಶ್ನೇನೂ ಕೇಳಿಲ್ಲ. ಈಗ ಕೇಳ್ತೀನಿ." ಅಮ್ಮನ ಕಡೆ ತಿರುಗಿದರು. "ಬರೋದು ಬೇಡ ಅಂದ ಮೇಲೂ ಯಾಕೆ ಬಂದ್ರಿ?"

ಮನೆಯಲ್ಲಿ 'ರೀ' ಎನ್ನುವ ಅಮ್ಮ ಮಂಡಿ ಹಿಡಿದುಕೊಂಡು ಎದ್ದು ನಿಂತರು.

"ಪಾಠ ಅರ್ಧಕ್ಕೆ ನಿಂತಿತ್ತು, ಸರ್."

ಯಾರೂ ನಗಲಿಲ್ಲ. ಕೂತುಕೊಳ್ಳಿ ಎನ್ನುವುದನ್ನೇ ಅಪ್ಪ ಮರೆತರು. ಅವರು ಹೇಳುವವರೆಗೆ ಅಮ್ಮ ಕೂರಲಿಲ್ಲ.