ಹದಿನೇಳರ ಬುಡ

ಬೇಲಿಯೊಳಗೆ ಇಪ್ಪತ್ತು ಉಕ್ಕಿನ ಡ್ರಮ್ಮುಗಳು, ಒಂದೊಂದೂ ಮೂರಾಳೆತ್ತರ. ಒಳಗೆ ಅಣುಸ್ಥಾವರದಲ್ಲಿ ಉರಿದು ಮುಗಿದ ಇಂಧನ, ಅದರ ಸುತ್ತ ಹೀಲಿಯಂ ಅನಿಲ. ಮುಚ್ಚಳ ತೆಗೆಯುವ ಮಾತೇ ಇಲ್ಲ. ಹೊರಗಿನಿಂದಲೇ ಮೈಗೆ ಥರ್ಮಾಮೀಟರ್ ಮುಟ್ಟಿಸಿ ಜ್ವರ ನೋಡಬೇಕು. ತಲೆ ಬಿಸಿ, ಬುಡ ತಣ್ಣಗಿದ್ದರೆ ಕ್ಷೇಮ. ಅನಿಲ ಸೋರಿದರೆ ತಲೆಯ ಬಿಸಿ ಇಳಿದು ಬುಡದ ಬಿಸಿ ಏರುತ್ತದೆ.

ಅಪ್ಪ ನಿವೃತ್ತನಾಗಿ ತಿಂಗಳಾಗಿತ್ತು. ಅವನ ಜಾಗಕ್ಕೆ ಬಂದ ಮಗಳಿಗೆ ಇದು ಮೊದಲ ವಾರ, ತಿಂಗಳಿಗೊಮ್ಮೆಯ ಅಳತೆ ಮೊದಲ ಸಲ.

ಎಂಜಿನಿಯರ್ ಅವಳ ಹಾಳೆಯನ್ನು ಅಪ್ಪನ ಕೊನೆಯ ಹಾಳೆಯ ಪಕ್ಕ ಇಟ್ಟ. ಹತ್ತೊಂಬತ್ತು ಬುಡಗಳಲ್ಲಿ ಅವಳ ಅಂಕಿ ಮೂರು ಡಿಗ್ರಿ ಕಡಿಮೆ. ಹದಿನೇಳರಲ್ಲಿ ಮಾತ್ರ ಎರಡೂ ಒಂದೇ.

“ಹತ್ತೊಂಬತ್ತು ಕಡೆ ಎಡವಿ ಒಂದು ಕಡೆ ಸರಿಯಾಗಿ ನೋಡಿದ್ದೀಯಲ್ಲಮ್ಮ! ನಿಮ್ಮಪ್ಪ ಕಣ್ಣು ಮುಚ್ಕೊಂಡು ಅಳೆದ್ರೂ ತಪ್ತಿರ್ಲಿಲ್ಲ. ನಾಳೆ ಮತ್ತೆ ಅಳೆದು ನೋಡು, ಆಗ್ಲೂ ಹೀಗೇ ಬಂದ್ರೆ ಬೇರೆಯವ್ರನ್ನ ಹಾಕ್ತೀನಿ.”

ಸಂಜೆ ಮನೆಯಲ್ಲಿ ಅಪ್ಪನ ಕೈಯಿಂದ ಬೀಗದ ಕೈ ಜಾರಿ ಬಿತ್ತು. ಅವನು ಬಗ್ಗಲಿಲ್ಲ, ಕಾಲಿನಿಂದ ಅವಳ ಕಡೆ ತಳ್ಳಿದ. ಅವಳು ಎತ್ತಿಕೊಡಲು ಹೋದವಳು ಅರ್ಧಕ್ಕೇ ನಿಂತಳು.

“ಅಪ್ಪ, ಡ್ರಮ್ಮಿನ ಬುಡದಲ್ಲಿ ಅಳೆಯೋ ಗುರುತು ಪಾದದ ಹತ್ರ ಇದೆ. ನೀನು ಹೇಗೆ ಬಗ್ತಿದ್ದೆ?”

“ಬಗ್ಗೋದೇನು ಬಂತು? ಸೊಂಟ ಹಿಡಿದು ಎಂಟು ವರ್ಷ ಆಯ್ತು. ಥರ್ಮಾಮೀಟರ್ ಮೊಣಕಾಲಿನ ಮಟ್ಟಕ್ಕೆ ಹಿಡೀತಿದ್ದೆ. ಯಾರಪ್ಪನ ಗಂಟು ಹೋಗುತ್ತೆ? ಮೂರು ಡಿಗ್ರಿ ಜಾಸ್ತಿ ತೋರಿಸುತ್ತೆ, ಅಷ್ಟೇ. ಎಲ್ಲದ್ರಲ್ಲೂ ಅಷ್ಟೇ.”

“ಹದಿನೇಳ್ರಲ್ಲಿ ನನಗೆ ಪಾದದ ಹತ್ರಾನೇ ನಿನ್ನ ಅಂಕಿ ಬಂತು.”

ಅಂದರೆ ಅಲ್ಲಿ ಬುಡ ಮೂರು ಡಿಗ್ರಿ ಏರಿತ್ತು. ಅಳತೆ ಸರಿಯಾಗಿದೆ ಎಂದು ಎಂಜಿನಿಯರ್ ಹೇಳಿದ್ದ ಒಂದೇ ಡ್ರಮ್ಮು ಕೆಟ್ಟಿತ್ತು.

“ನಾನು ಹೇಳ್ಲೇಬೇಕಪ್ಪ.”

“ಒಳ್ಳೆ ಕೆಲಸಗಾರ ಅಂತ ಆಫೀಸಿನ ಗೋಡೆ ಮೇಲೆ ನನ್ನ ಫೋಟೋ ಇದೆ ಕಣೆ.”

“ಗೊತ್ತು. ದಿನಾ ನೋಡ್ತೀನಿ.”

ಬೆಳಿಗ್ಗೆ ಅವಳು ಹೊರಡುವಾಗ ಅಪ್ಪ ಬಾಗಿಲಲ್ಲಿ ಕಾಯುತ್ತಿದ್ದ. “ನನ್ನ ಕೈ ಎಲ್ಲಿ ನಿಲ್ಲುತ್ತೆ ಅಂತ ನಾನೇ ತೋರಿಸ್ಬೇಕು,” ಅಂದ.

ಎಂಜಿನಿಯರ್ ಎದುರು ಅವನು ಒಂದನೆಯ ಡ್ರಮ್ಮಿನ ಮುಂದೆ ಬಗ್ಗಲು ನೋಡಿದ. ಕೈ ಮೊಣಕಾಲಿನ ಬಳಿ ನಿಂತಿತು. ಅಂಕಿ ಅವನ ಹಾಳೆಗೆ ಸರಿಹೊಂದಿತು. ಎರಡನೆಯದೂ, ಮೂರನೆಯದೂ. ಹದಿನೇಳರಲ್ಲಿ ಮಾತ್ರ ಹಾಳೆಗಿಂತ ಮೂರು ಡಿಗ್ರಿ ಹೆಚ್ಚು ತೋರಿಸಿತು. ಆಗ ತಲೆಭಾಗ ನೋಡಿದರೆ ಅಲ್ಲಿ ಎರಡು ಡಿಗ್ರಿ ಇಳಿದಿತ್ತು.

ಎಂಜಿನಿಯರ್ ಬೈಯಲಿಲ್ಲ. ಬೈಯಲು ಪುರುಸೊತ್ತಿರಲಿಲ್ಲ, ಫೋನ್ ಕಿವಿಗಿಟ್ಟುಕೊಂಡೇ ಓಡಿದ.

ಹೊರಗೆ ಜನ ಹದಿನೇಳರ ಸುತ್ತ ಹಗ್ಗ ಕಟ್ಟುತ್ತಿದ್ದರು. ಒಳಗೆ ಅವಳು ಎಂಟು ವರ್ಷದ ಹಾಳೆಗಳ ಮೇಲೆ ‘ಮೊಣಕಾಲು ಮಟ್ಟ’ ಎಂದು ಬರೆಯತೊಡಗಿದಳು. ಅಪ್ಪ ಗೋಡೆಯ ಕಡೆ ನೋಡದೆ ಒಂದೊಂದೇ ಹಾಳೆ ಎತ್ತಿ ಕೊಡುತ್ತಿದ್ದ.