ಮಾನಮ್ಮನ ಮಾಳಿಗೆ

ಟಪ್ ಎಂದಿತು ಏನೋ, ಸೋರಿತೇ, ಮಾನಮ್ಮ ತಲೆ ಎತ್ತಿದಳು, ಇಲ್ಲ, ಅಂಗಳದಲ್ಲಿ ಬೋರಲು ಹಾಕಿದ ಬುಟ್ಟಿಯ ಮೇಲೆ ಬಿದ್ದ ಹನಿ ಅದು — ಒಳಗೆ ಜಂತಿಗಳು ಒಣಗಿಕೊಂಡೇ ಇವೆ, ಮೇಲೆ ಮಣ್ಣಿನ ಮಾಳಿಗೆ ಗಟ್ಟಿಯಾಗಿ ಕೂತಿದೆ, ತನ್ನದೇ ಮಾಳಿಗೆ, ರಾಯಚೂರಿನ ಸ್ಟೇಷನ್ನಿನಾಚೆ ಹೊಸ ಓಣಿಯಲ್ಲಿ, ನಿಜಾಮರ ಆಳ್ವಿಕೆ ಹೋದ ಮೇಲಿನ ಮೊದಲ ಮುಂಗಾರು, ತೊಡೆಯ ಮೇಲೆ ಕೂಸಿಗೆ ಸೊಂಪಾದ ನಿದ್ದೆ, ಸುರಿಯಲಿ, ಎಷ್ಟು ಬೇಕಾದರೂ ಸುರಿಯಲಿ. ಮೊನ್ನೆ ಬೆಳಿಗ್ಗೆ ಈ ಧೈರ್ಯ ಎಲ್ಲಿತ್ತು, ಅಂಗಳದಲ್ಲಿ ಮಾಳಿಗೆಗೆ ಹೊದಿಸಲು ತಂದ ಸವುಳು ಮಣ್ಣಿನ ಗುಡ್ಡೆ, ಆಕಾಶದಲ್ಲಿ ಮೋಡದ ಗುಡ್ಡೆ, ಮಣ್ಣು ಹರಡಿದ ದಿನವೇ ತುಳಿದು ಮುಗಿಸದಿದ್ದರೆ ಬಿರುಕು ಬಿಟ್ಟು ಜರಡಿಯಾಗುತ್ತದೆ, ಅದಕ್ಕೆ ಹತ್ತಾರು ಕಾಲು ಬೇಕು, ಇದ್ದದ್ದು ತನ್ನವು ಮತ್ತು ಗಂಡ ಗದ್ದೆಪ್ಪನವು — ದೇವದುರ್ಗದ ಕಡೆಯ ಅರಕೇರಾದಲ್ಲಿ ಗೌಡರ ಮಾಳಿಗೆಯನ್ನು ವರ್ಷ ವರ್ಷ ತುಳಿದ ಕಾಲುಗಳೇ, ಆದರೆ ಊರ ಹೊರಗಿನ ಕೇರಿಯವರ ಸೂರಿಗೆ ಊರವರ ಯಾವ ಕಾಲು ಬಂದಿತ್ತು. ಗದ್ದೆಪ್ಪ ತಲೆಗೆ ಕೈ ಕೊಟ್ಟು ಕೂತಿದ್ದ, ಇವತ್ತು ಮುಗೀಲಿಲ್ಲಂದ್ರ ಮಳಿ ನೀರಿಗೆ ಗ್ವಾಡಿ ಸುದ್ದಾ ಕರಗ್ತಾವ, ಊರಿಗೆ ಹೋಗಿಬಿಡೂನು, ಗೌಡ್ರ ಕೊಟ್ಟಿಗಿ ಹಂಗೇ ಅದ — ಆ ಕೊಟ್ಟಿಗೆ, ದನಗಳ ಪಕ್ಕ ಚಾಪೆ, ಬೇಡವೇ ಬೇಡ, ಈ ಕೂಸು ಅಲ್ಲಿ ಬೆಳೆಯಬಾರದು.

ಆಗ ಬಂದರಲ್ಲ, ಕರೆಯದೆಯೇ, ಮಾನ್ವಿಯಿಂದ ಬಂದು ಎದುರಿಗೆ ಮನೆ ಕಟ್ಟಿಕೊಂಡ ಗುಲ್ಶನ್ ಬೇಗಂ, ಹಿಂದೆ ಅವಳ ಗಂಡ ವಲಿ ಪಾಷಾ, ಉಳ್ಳಾಗಡ್ಡಿ ಅಂಗಡಿ ಮುಚ್ಚಿ, ಪಾಯಜಾಮ ಮೊಳಕಾಲಿಗೇರಿಸಿ, ಕ್ಯಾ ದೇಖ್ತಾ ರೇ ಗದ್ದೆಪ್ಪ, ಮೋಡ ನಿನ್ನ ಕೇಳಿ ಬರ್ತದೇನು, ನಿಚ್ಚಣಿಕಿ ಹಿಡಿ — ಆ ಮನುಷ್ಯನ ವ್ಯಾಪಾರ ಹಾಲುಕ್ಕಿದ ಹಾಗೆ ಉಕ್ಕಲಿ. ಮತ್ತೆ ಪಕ್ಕದ ಮನೆಯ ಪಾರ್ವತೆಮ್ಮ, ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ನೆನೆದರೆ ಈಗಲೂ ನಗು ಬರುತ್ತದೆ, ಸರ್ಕಾರದವರು ಸುಣ್ಣದ ಗೆರೆ ಎಳೆದು ಸಾಲಾಗಿ ಜಾಗ ಕೊಟ್ಟಾಗ ತಮ್ಮ ಗೋಡೆಗೆ ಕೇರಿಯವರ ಗೋಡೆ ತಾಗಬಾರದೆಂದು ನಡುವೆ ಮೊಳದಗಲ ಸಂದು ಬಿಡಿಸಿದವಳು ಅವಳೇ, ಈಗ ನೀರು ಆ ಸಂದಿಗೇ ಇಳಿಯುತ್ತದೆಂದು ಹೊಳೆದಿತ್ತು, ನಿಮ್ಮ ಮಾಳಗಿ ಸೋರಿದ್ರ ಕುಸಿಯೂದು ನನ್ನ ಗ್ವಾಡಿ, ಸರೀರಿ ಅತ್ತಾಗ, ಎಂದು ಗದರುತ್ತಲೇ ಸೀರೆ ಎತ್ತಿ ಕಟ್ಟಿ ಏರಿದಳು, ಸ್ವಾರ್ಥವೇ ಇರಲಿ, ಅಂಥ ಸ್ವಾರ್ಥಕ್ಕೂ ಕೈ ಮುಗಿಯಬೇಕು, ಏನು ತುಳಿದಳು ಮಹಾತಾಯಿ. ಸಂಜೆಗೆ ಮುಗಿಯಿತು, ನಿನ್ನೆ ಪೂರ್ತಿ ಬಿಸಿಲು ಬಿದ್ದದ್ದು ಪುಣ್ಯ, ಇನ್ನು ಅರಕೇರಾಕ್ಕೆ ಹೋಗುವುದಾದರೆ ನೆಂಟರಾಗಿ ಮಾತ್ರ.

ಆದರೆ ಇಳಿದ ಮೇಲಿನದ್ದು — ಪಾರ್ವತೆಮ್ಮ ಇಲ್ಲೇ, ಮಾನಮ್ಮನ ಹೊಸ್ತಿಲ ಬಳಿ ಕುಸಿದು ಕೂತು, ನೀರು ಕೊಡು ಮಾನಮ್ಮ, ಬಾಯಿ ಒಣಗೇದ, ಅಂದಳು, ಮಾನಮ್ಮ ಒಳಗೆ ಹೋಗಲೇ ಇಲ್ಲ, ಕಾಲು ತಾವಾಗಿ ಪಕ್ಕದ ಮನೆಯ ಕಡೆ ತಿರುಗಿದವು, ನಿಮ್ಮ ಸೊಸಿನ ಕೂಗ್ಲೇನ್ರಿ ಯವ್ವಾ, ನೀರು ತರ್ತಾಳ — ಆಕಿನ್ಯಾಕ ಕರೀತಿ, ನಾ ನಿನ್ನ ಕೇಳೀನಿ. ಒಳಗೆ ಹೋಗಿ ಗಡಿಗೆಯಿಂದ ತಂಬಿಗೆ ತುಂಬಿ, ತಂದು ದೂರದಲ್ಲಿ ನೆಲಕ್ಕಿಟ್ಟರೆ, ಅಲ್ಯಾಕ ಇಡ್ತಿ, ಸೊಂಟ ಬಗ್ಗಂಗಿಲ್ಲ ನಂದು, ಕೈಯಾಗ ಕೊಡು — ಕೊಟ್ಟಳು, ಬೆರಳಿಗೆ ಬೆರಳು ತಾಗಿತು, ಪಾರ್ವತೆಮ್ಮ ಬಾಯಿ ಹಚ್ಚಿಯೇ ಕುಡಿದಳು, ಗಂಟಲು ಏರಿತು, ಇಳಿಯಿತು. ಒಲೆ ಹಚ್ಚಬೇಕು, ಗದ್ದೆಪ್ಪ ಗೂಡ್ಸ್ ಶೆಡ್ಡಿನಿಂದ ನೆನೆದು ಬರುತ್ತಾನೆ, ಹಸಿದಿರುತ್ತಾನೆ — ಆ ಗಂಟಲು — ಕಟ್ಟಿಗೆ ತೊಯ್ದಿದೆಯೋ ಏನೋ, ಏಳಬೇಕು, ಕೂಸನ್ನು ಮಲಗಿಸಿ ಏಳಬೇಕು — ತನ್ನ ಗಡಿಗೆಯ ನೀರು, ಆ ಮುದಿ ಗಂಟಲು, ಏರಿ, ಇಳಿದು, ಏರಿ